ಅಟ್ಟದ ಮೇಲಿರೋ ಕ್ರಿಕೆಟ್ ಕಾರ್ಡ್ ಮಾರೋ ಮುಂಚೆ ಹೆಂಗೆ ಜೋಡಿಸ್ಕೋಬೇಕು

ಕಾರ್ಡ್ ಡಬ್ಬ ಅಟ್ಟದಿಂದ ಇಳಿಸಿದ ತಕ್ಷಣ ಎಲ್ರೂ ಮಾಡೋದು ಒಂದೇ, ಸಚಿನ್ ಎಲ್ಲಿದಾನೆ ಅಂತ ಹುಡುಕಿ, ಫೋಟೋ ಹೊಡೆದು, ಎಷ್ಟಕ್ಕೆ ಹೋಗತ್ತೆ ಅಂತ ವಾಟ್ಸಾಪ್‌ಗೆ ಹಾಕೋದು. ಹಂಗೆ ಮಾಡಿದ್ರೆ ಯಾರೋ ಬಂದು ಒಳ್ಳೇ ನಾಲ್ಕು ಕಾರ್ಡ್ ಎತ್ಕೊಂಡು ಹೋಗ್ತಾರೆ, ಮಿಕ್ಕಿದ್ದು ನಿಮ್ ತಲೆ ಮೇಲೇ ಉಳಿಯತ್ತೆ.

ಮೊದಲು ಆಟಗಾರನ ಹೆಸರು ಮರೆತುಬಿಡಿ, ಕಂಪನಿ ಮತ್ತೆ ವರ್ಷದ ಪ್ರಕಾರ ಗುಡ್ಡೆ ಮಾಡಿ. ಬಿಗ್ ಫನ್ ಬಬಲ್‌ಗಮ್ ಜೊತೆ ಬಂದಿದ್ದು ಒಂದು ಕಡೆ (ರನ್ನು ವಿಕೆಟ್ಟು ಕೂಡಿಸ್ತಿದ್ವಲ್ಲ, ಅವೇ), ಆಸ್ಟ್ರೇಲಿಯಾದ ಫ್ಯೂಟೆರಾ ಒಂದು ಕಡೆ, ಟಾಪ್ಸ್ ಕ್ರಿಕೆಟ್ ಅಟ್ಯಾಕ್ಸ್ ಇನ್ನೊಂದು ಕಡೆ. ವರ್ಷ ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇರತ್ತೆ. ಅಮೆರಿಕದ ಮಾವ ತಂದುಕೊಟ್ಟ ಬೇಸ್‌ಬಾಲ್ ಕಾರ್ಡ್ ಇದ್ರೆ ಕಾರ್ಡಿನ ಹಿಂದೆ ಇರೋ ಅಂಕಿ-ಅಂಶದ ಟೇಬಲ್ಲಲ್ಲಿ ಕೊನೇ ಸೀಸನ್ ನೋಡಿ, ಕಾರ್ಡು ಸಾಮಾನ್ಯವಾಗಿ ಅದರ ಮುಂದಿನ ವರ್ಷದ್ದು. ಆದ್ರೆ 80ರ ದಶಕದ ಕೊನೆ, 90ರ ಶುರುವಿನವಾದ್ರೆ ಜಾಸ್ತಿ ಆಸೆ ಬೇಡ, ಆಗ ವಿಪರೀತ ಪ್ರಿಂಟ್ ಮಾಡಿದ್ರು. 1989ರಲ್ಲಿ ಅಪ್ಪರ್ ಡೆಕ್ ಅನ್ನೋ ಕಂಪನಿ ತಂದ ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ಕಾರ್ಡ್, ನಂಬರ್ 1, ಅಂಥ ಕೆಲವನ್ನ ಬಿಟ್ರೆ ಮಿಕ್ಕಿದ್ದು ಬಂಡಲ್ ಲೆಕ್ಕ.

ಆಮೇಲೆ ಪ್ರತಿ ಗುಡ್ಡೆನೂ ಕಾರ್ಡ್ ನಂಬರ್ ಪ್ರಕಾರ ಜೋಡಿಸಿ, ಇಲ್ಲದ ನಂಬರ್ ಒಂದು ಚೀಟಿಲಿ ಬರೀರಿ. ಬೋರಿಂಗ್ ಕೆಲಸ, ಆದ್ರೆ ದುಡ್ಡು ಇರೋದೇ ಇಲ್ಲಿ: ಎರಡು ಮೂರು ಕಾರ್ಡ್ ಮಾತ್ರ ಕಮ್ಮಿ ಇರೋ ಸೆಟ್ಟನ್ನ ಬಿಡಿಬಿಡಿಯಾಗಿ ಒಡೆದು ಮಾರೋಕಿಂತ ಇಡಿಯಾಗಿ ಮಾರೋದೇ ವಾಸಿ. ಡಬಲ್ ಇರೋವು ಬೇರೆ ಇಡಿ. 25/99 ಥರ ನಂಬರ್ ಅಚ್ಚಾಗಿರೋವು (ಅಂದ್ರೆ ಒಟ್ಟು 99ರಲ್ಲಿ 25ನೇದು), ಸಹಿ ಇರೋವು, ಜರ್ಸಿ ತುಂಡು ಇರೋವು ಎಲ್ಲಾ ಪಕ್ಕಕ್ಕೆ. ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಇವನ್ನೂ ಬೇರೆ ತೆಗೀರಿ, ನಮ್ಮೂರಲ್ಲಿ ಇವಕ್ಕೆ ಮನಸ್ಸಿಂದ ದುಡ್ಡು ಕೊಡೋರು ಇದಾರೆ, ಮುಂಬೈಯವನು ಅಷ್ಟು ಕೊಡಲ್ಲ.

ಈಗ ಕಂಡೀಷನ್. ಟ್ಯೂಬ್‌ಲೈಟ್ ಕೆಳಗೆ ಕಾರ್ಡನ್ನ ಅಂಚಲ್ಲಿ ಹಿಡಿದು ನಿಧಾನವಾಗಿ ವಾಲಿಸಿ, ನೇರವಾಗಿ ನೋಡಿದಾಗ ಕಾಣದ ಗೀರು ಆಗ ಬೆಳ್ಳಿ ಕೂದಲಿನ ಥರ ಹೊಳೀತಾವೆ. ಕಪ್ಪು ಬಾರ್ಡರ್ ಇದ್ರೆ ಮೂಲೇಲಿ ಬಿಳಿ ಚುಕ್ಕಿ ನೋಡಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ರೆ ಅಂಚಲ್ಲಿ ಕಚ್ಚು ಬಿದ್ದಿರತ್ತೆ. ಒದ್ದೆ ಬಟ್ಟೆ, ಎರೇಸರ್ ಏನೂ ತಾಗಿಸ್ಬೇಡಿ ಪ್ಲೀಸ್. ಹಳೇ ಮೆತ್ತನೆ ಪಿವಿಸಿ ಆಲ್ಬಮ್‌ನಲ್ಲಿ ಇದ್ರೆ ಹುಷಾರಾಗಿ ಬಿಡಿಸಿ, ಅಂಟ್ಕೊಂಡಿರತ್ತೆ. ಹೊಸದು ತಗೊಳೋವಾಗ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿಂದು ಅಂತ ಕೇಳಿ ತಗೊಳ್ಳಿ, ಎರಡೂವರೆ ಬೈ ಮೂರೂವರೆ ಇಂಚಿನ ಕಾರ್ಡಿಗೆ 9 ಪಾಕೆಟ್ ಹಾಳೆ ಸರಿ ಹೋಗತ್ತೆ. ಚೆನ್ನಾಗಿರೋವಕ್ಕೆ ಮಾತ್ರ ಸ್ಲೀವ್ (ತೆಳು ಪ್ಲಾಸ್ಟಿಕ್ ಕವರ್) ಹಾಕಿ ಟಾಪ್‌ಲೋಡರ್ (ಮೇಲೆ ಬಾಯಿರೋ ಗಟ್ಟಿ ಪ್ಲಾಸ್ಟಿಕ್ ಕವರ್) ಒಳಗೆ ಇಡಿ. ಮಳೆಗಾಲದಲ್ಲಿ ಡಬ್ಬದೊಳಗೆ ಸಿಲಿಕಾ ಜೆಲ್ ಒಂದೆರಡು ಪ್ಯಾಕೆಟ್ ಹಾಕಿ.

ಗ್ರೇಡಿಂಗ್‌ಗೆ, ಅಂದ್ರೆ ಕಂಡೀಷನ್ ನೋಡಿ ಮಾರ್ಕ್ ಹಾಕಿಸೋಕೆ ಅಂತ, ಎಲ್ಲಾನೂ ಅಮೆರಿಕದ ಪಿಎಸ್‌ಎ ಅನ್ನೋ ಕಂಪನಿಗೆ ಕಳಿಸೋದು ದಡ್ಡತನ. 1ರಿಂದ 10ರ ತನಕ ಮಾರ್ಕ್ ಕೊಡ್ತಾರೆ ನಿಜ, ಆದ್ರೆ ಫೀಸು ಪ್ಲಸ್ ಅಮೆರಿಕಕ್ಕೆ ಹೋಗಿಬರೋ ಖರ್ಚು ಕಾರ್ಡಿನ ಬೆಲೆಗಿಂತ ಜಾಸ್ತಿ ಆಗ್ಬಹುದು.

ರೇಟ್‌ಗೆ ಇಬೇಲಿ ಜನ ಕೇಳ್ತಿರೋ ಬೆಲೆ ನೋಡ್ಬೇಡಿ, ಕೇಳೋದಕ್ಕೇನು, ಲಕ್ಷನೂ ಕೇಳ್ತಾರೆ. ಸೋಲ್ಡ್ ಐಟಮ್ಸ್ ಫಿಲ್ಟರ್ ಹಾಕಿ ಮಾರಾಟ ಆಗಿರೋ ಬೆಲೆ ನೋಡಿ. ಐಪಿಎಲ್ ಟೈಮಲ್ಲಿ ಆರ್‌ಸಿಬಿ ಕಾರ್ಡಿಗೆ ಕೇಳೋರು ಜಾಸ್ತಿ, ಅಲ್ಲಿ ತನಕ ಕಾಯೋಕಾದ್ರೆ ಕಾಯಿರಿ.

ಕೈಯಿಂದ ಕೈಗೆ ಕೊಡೋದಾದ್ರೆ ಯಾವ್ದಾದ್ರೂ ಮೆಟ್ರೋ ಸ್ಟೇಷನ್ ಹತ್ರ ಕರೀರಿ, ಮನೆಗೆ ಬೇಡ. ದುಡ್ಡು ಬರ್ಬೇಕು ಅಂದ್ರೆ ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಬ್ಲಾಕ್ ಮಾಡಿ, ದುಡ್ಡು ತಗೊಳೋಕೆ ಪಿನ್ ಬೇಡ್ವೇ ಬೇಡ. ಕೊರಿಯರ್ ಆದ್ರೆ ಟಾಪ್‌ಲೋಡರ್‌ನ ಎರಡು ರಟ್ಟಿನ ಮಧ್ಯೆ ಇಟ್ಟು ಕಟ್ಟಿ, ಬಾಯಿಗೆ ಸೆಲ್ಲೋಟೇಪ್ ಬದಲು ಮಾಸ್ಕಿಂಗ್ ಟೇಪ್ ಹಾಕಿ, ತಗೊಂಡವನು ಬಿಚ್ಚೋವಾಗ ಅಂಟು ಕಾರ್ಡಿಗೆ ತಾಗಲ್ಲ.