ಮೈಸೂರು–ಹುಬ್ಬಳ್ಳಿ ವಿಮಾನ: ದೂರ ಎಷ್ಟು, ಹೊತ್ತು ಎಷ್ಟು? ಲೆಕ್ಕ ನೀವೇ ಹಾಕಿ

ಎರಡು ಊರಿನ ನಡುವಿನ ವಿಮಾನದ ದೂರ ತಿಳಿಯಲು ಪೆನ್ನು, ಕಾಗದ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಲೆಕ್ಕ ಹಾಕೋಣ.

ಮೊದಲು ಮ್ಯಾಪಿನಲ್ಲಿ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ನೋಡಿ ಬರೆದುಕೊಳ್ಳಿ. ಮಂಡಕಳ್ಳಿ 12.23, 76.65. ಹುಬ್ಬಳ್ಳಿ 15.36, 75.08. ಅಕ್ಷಾಂಶದ ವ್ಯತ್ಯಾಸ 3.13. ಒಂದು ಡಿಗ್ರಿಗೆ 111 ಕಿ.ಮೀ., ಅಂದರೆ ಉತ್ತರಕ್ಕೆ 347 ಕಿ.ಮೀ. ರೇಖಾಂಶದ ವ್ಯತ್ಯಾಸ 1.57. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತವೆ. ಹಾಗಾಗಿ ನಮ್ಮ ಕಡೆ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಹಿಡಿಯಬೇಕು. ಪಶ್ಚಿಮಕ್ಕೆ 170 ಕಿ.ಮೀ. ಆಯಿತು. ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ: ಎರಡರ ವರ್ಗ ಕೂಡಿಸಿ, ವರ್ಗಮೂಲ ತೆಗೆದರೆ 386 ಕಿ.ಮೀ. ಎಲ್ಲಾದರೂ 208 ಎಂದು ಕಂಡರೆ ಗಾಬರಿ ಬೇಡ, ಅದು ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ಈಗ ಸಮಯ. ಸಣ್ಣ ನಿಲ್ದಾಣಗಳ ನಡುವೆ ಹೆಚ್ಚಾಗಿ ಹಾರುವುದು ಎಟಿಆರ್ ಎಂಬ, ಫ್ಯಾನಿನಂತೆ ತಿರುಗುವ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಭಾಗಿಸಿದರೆ 46 ನಿಮಿಷ ಬರುತ್ತದೆ. ಆದರೆ ಇದನ್ನು ನಂಬಿ ಯಾರಿಗೂ ಸಮಯ ಹೇಳಬೇಡಿ. ಇಷ್ಟು ಕಡಿಮೆ ದೂರದಲ್ಲಿ ಏರುವುದಕ್ಕೆ, ಇಳಿಯುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ, ಪೂರ್ತಿ ವೇಗ ಸಿಗುವುದು ನಡುವೆ ಸ್ವಲ್ಪ ಹೊತ್ತು ಮಾತ್ರ. ಸರಾಸರಿ 400 ಹಿಡಿಯಿರಿ: 58 ನಿಮಿಷ. ರನ್‌ವೇ ತನಕ ಉರುಳುವ, ಇಳಿದ ಮೇಲೆ ಬಂದು ನಿಲ್ಲುವ ಹೊತ್ತು ಸೇರಿಸಿದರೆ ಒಂದು ಗಂಟೆ ಹತ್ತು ನಿಮಿಷ. ಟಿಕೆಟಿನಲ್ಲಿ ಬರೆದಿರುವುದೂ ಈ ತರಹದ ಒಟ್ಟು ಸಮಯವೇ.

ನಿಜವಾಗಿ ಬೇಕಾದದ್ದು ಮನೆಯಿಂದ ಮನೆಗೆ ಎಷ್ಟು ಹೊತ್ತು ಅಂತ, ಅಲ್ವಾ? ಮಂಡಕಳ್ಳಿಗೆ ಅರ್ಧ ಗಂಟೆ. ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ, ಲಗೇಜು, ಹುಬ್ಬಳ್ಳಿಯಲ್ಲಿ ಆಟೋ ಎಲ್ಲ ಸೇರಿ ನಾಲ್ಕು ಗಂಟೆ. ಕಾರಿನಲ್ಲಾದರೆ ಏಳೆಂಟು ಗಂಟೆ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇದು ದೊಡ್ಡ ಉಳಿತಾಯ.

ನೇರ ವಿಮಾನ ಇದೆಯೇ ಎಂಬುದನ್ನು ಮಾತ್ರ ಹೊರಡುವ ತಾರೀಖು ಹಾಕಿಯೇ ನೋಡಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ, ಸಣ್ಣ ಊರಿನ ವಿಮಾನಗಳು ಹೆಚ್ಚಾಗಿ ಆಗಲೇ ಸೇರುವುದು, ಬಿಟ್ಟುಹೋಗುವುದು. ಬೆಂಗಳೂರು ಮೇಲಿಂದ ಹೋಗಬೇಕಾದರೆ ದೂರ ಸುಮಾರು 527 ಕಿ.ಮೀ. ಆಗುತ್ತದೆ, ನಡುವೆ ಕಾಯುವುದು ಬೇರೆ. ಆಗ ಎರಡೂ ವಿಮಾನಕ್ಕೆ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ತೆಗೆಯಿರಿ. ಬೇರೆ ಬೇರೆ ತೆಗೆದು ಮೊದಲನೆಯದು ತಡವಾದರೆ, ಎರಡನೆಯದರ ದುಡ್ಡು ಹೋದ ಹಾಗೇ.