ಮೂರು ನಿಮಿಷದ ಹಾಡಿನಿಂದ ಮೂರು ಗಂಟೆಯ ರಸಮಂಜರಿಗೆ

ಟಿವಿ ಸ್ಪರ್ಧೆಗೆ ಹೋಗುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಸ್ಪರ್ಧೆ ಮುಗಿದ ಮೇಲೆ ಏನು ಅಂತ ಹೇಳುವವರು ಕಡಿಮೆ. ಹಾಡುವ ಮಕ್ಕಳ ಅಪ್ಪ ಅಮ್ಮ ನನ್ನನ್ನು ಕೇಳುವುದು ಅದನ್ನೇ.

ನಾನು ಸಾಗರದವಳು, ಊರೂರಿನ ರಸಮಂಜರಿ ವೇದಿಕೆಗಳಲ್ಲಿ ಹಾಡುವವಳು. ಚಿಕ್ಕವಳಿದ್ದಾಗ ಮನೆಯಲ್ಲಿ ‘ಎದೆ ತುಂಬಿ ಹಾಡುವೆನು’ ತಪ್ಪಿಸುತ್ತಿರಲಿಲ್ಲ. ಎಸ್‌ಪಿಬಿ ಅವರು ಒಂದೊಂದು ಪದವನ್ನೂ ಬಿಡಿಸಿ ಹೇಳುತ್ತಿದ್ದದ್ದು ನನಗೆ ಮೊದಲ ಪಾಠ. ಆಮೇಲೆ ಪ್ರತಿಭಾ ಕಾರಂಜಿ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಒಂದೊಂದೇ ಮೆಟ್ಟಿಲು ಹತ್ತಿಸುವ ಆ ಸರ್ಕಾರಿ ವೇದಿಕೆಯಿಂದ ಎಷ್ಟು ಗಾಯಕರು ಹೊರಬಂದಿಲ್ಲ! ಭಾವಗೀತೆ, ಜನಪದ ಗೀತೆ ಎರಡನ್ನೂ ನಾನು ಕಲಿತದ್ದು ಅದರ ನೆಪದಲ್ಲೇ.

ಟಿವಿಯಲ್ಲಿ ಒಂದು ಹಾಡಿಗೆ ಸಿಗುವುದು ಮೂರು ನಿಮಿಷ. ಪಲ್ಲವಿ, ಒಂದು ಚರಣ, ಜನ ಚಪ್ಪಾಳೆ ತಟ್ಟುವ ಒಂದು ಎತ್ತರದ ಜಾಗ. ಅಷ್ಟಕ್ಕೆ ವಾರವಿಡೀ ತಯಾರಿ. ರಸಮಂಜರಿಯಲ್ಲಿ ಎರಡು ಮೂರು ಗಂಟೆ ಹಾಡಬೇಕು. ಮಾರನೇ ದಿನ ಇನ್ನೊಂದು ಊರು. ಟಿವಿಯಲ್ಲಿ ಗೆದ್ದ ದನಿ ಇಲ್ಲಿ ತಾನಾಗಿಯೇ ನಡೆಯುವುದಿಲ್ಲ. ಇದಕ್ಕೆ ಬೇರೆ ಅಭ್ಯಾಸವೇ ಬೇಕು.

ನಾನು ಮೊದಲು ಮಾಡಿದ್ದು ಒಂದು ನೋಟ್‌ಬುಕ್. ಪ್ರತಿ ಹಾಡಿನ ಎದುರು ನನ್ನ ಸ್ಕೇಲ್ (ಶ್ರುತಿ), ಟೆಂಪೋ (ಹಾಡಿನ ವೇಗ), ನಡುವೆ ವಾದ್ಯ ಮಾತ್ರ ನುಡಿಯುವ ಯಾವ ಇಂಟರ್‌ಲೂಡ್ ಬಿಡಬಹುದು, ಎಲ್ಲ ಬರೆದಿರುತ್ತೇನೆ. ಅಣ್ಣಾವ್ರ ಹಾಡನ್ನು ಹೆಣ್ಣು ದನಿಗೆ ಹೊಂದಿಸಬೇಕಾದರೆ ಸ್ಕೇಲ್ ಬದಲಾಗುತ್ತದೆ. ಕೀಬೋರ್ಡ್‌ನವರಿಗೆ ‘ಅರ್ಧ ಇಳಿಸಿ ಅಣ್ಣ’ ಅಂದರೆ ಸಾಕು, ಒಂದು ಬಟನ್ ಒತ್ತುತ್ತಾರೆ. ಕೊಳಲಿನವರಿಗೆ ಹಾಗಲ್ಲ. ಸ್ಕೇಲಿಗೆ ತಕ್ಕ ಕೊಳಲನ್ನೇ ಎತ್ತಿಕೊಳ್ಳಬೇಕು. ವೇದಿಕೆ ಮೇಲೆ ಏಕಾಏಕಿ ಬದಲಾಯಿಸಿದರೆ ಅವರಿಗೆ ಎಷ್ಟು ಕಷ್ಟ, ಅಲ್ವಾ? ಅದಕ್ಕೇ ಪಟ್ಟಿಯನ್ನು ಹಿಂದಿನ ದಿನವೇ ಎಲ್ಲರಿಗೂ ಕಳಿಸುತ್ತೇನೆ.

ಬಯಲಲ್ಲಿ ಹಾಡುವಾಗ ನಮ್ಮ ದನಿ ನಮಗೇ ಕೇಳುವುದಿಲ್ಲ. ಕೇಳದಿದ್ದರೆ ಕಿರುಚುತ್ತೇವೆ, ಕಿರುಚಿದರೆ ಗಂಟಲು ಹೋಗುತ್ತದೆ. ಕೈಗೆ ಸ್ವಲ್ಪ ದುಡ್ಡು ಬಂದಾಗ ನಾನು ಒಡವೆ, ಬಟ್ಟೆ ಅಂತ ನೋಡಲಿಲ್ಲ. ನನ್ನ ದನಿ ನನಗೇ ಕೇಳಿಸುವ, ಕಿವಿಗೆ ಹಾಕುವ ಸ್ವಂತ ಮಾನಿಟರ್ ತಗೊಂಡೆ. ಇಷ್ಟು ಒಳ್ಳೆಯ ಖರ್ಚನ್ನು ನಾನು ಬೇರೆ ಮಾಡಿಲ್ಲ. ಇನ್ನೊಂದು ಮಾತು. ರಾತ್ರಿ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ವಾಪಸ್ ಬರುವಾಗ ನಾನು ಮಾತಾಡುವುದಿಲ್ಲ. ಇಂಜಿನ್ ಸದ್ದಿನ ಮೇಲೆ ಹರಟೆ ಹೊಡೆದರೆ ಹಾಡಿದ್ದಕ್ಕಿಂತ ಜಾಸ್ತಿ ಆಯಾಸವಾಗುತ್ತದೆ.

ಗಣೇಶನ ಹಬ್ಬಕ್ಕೆ ಸೀಸನ್ ಶುರು. ದಸರಾ, ಆಮೇಲೆ ರಾಜ್ಯೋತ್ಸವ. ನವೆಂಬರ್ 1ರ ಹಬ್ಬ ನಮ್ಮಲ್ಲಿ ಡಿಸೆಂಬರ್‌ವರೆಗೂ ನಡೆಯುತ್ತದೆ, ಕಲಾವಿದರ ಮನೆ ನಡೆಯುವುದೂ ಅದರಿಂದಲೇ. ನಂತರ ಜಾತ್ರೆಗಳು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಮ್ಮ ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆಷಾಢದಲ್ಲಿ ಕೆಲಸ ಕಡಿಮೆ. ಆ ತಿಂಗಳ ಖರ್ಚನ್ನು ನವೆಂಬರ್‌ನಲ್ಲೇ ತೆಗೆದಿಡಬೇಕು.

ರಾತ್ರಿ 10 ಗಂಟೆಯ ನಂತರ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ಸರ್ಕಾರ ಮಧ್ಯರಾತ್ರಿವರೆಗೆ ಬಿಡಬಹುದು. ಸಭಾ ಕಾರ್ಯಕ್ರಮದ ಭಾಷಣ, ಸನ್ಮಾನ ಉದ್ದವಾದಷ್ಟೂ ಕತ್ತರಿ ಬೀಳುವುದು ಹಾಡಿಗೆ. ಹಾಗಾಗಿ ನನ್ನ ಹತ್ತಿರ ಯಾವಾಗಲೂ ಎರಡು ಪಟ್ಟಿ ಇರುತ್ತವೆ. ಪೂರ್ತಿ ಸಮಯ ಸಿಕ್ಕರೆ ಒಂದು, ಒಂದೇ ಗಂಟೆ ಸಿಕ್ಕರೆ ಇನ್ನೊಂದು. ಎರಡರಲ್ಲೂ ನನ್ನ ಸ್ವಂತ ಹಾಡು ಇದ್ದೇ ಇರುತ್ತದೆ.

ನನ್ನ ಇಡೀ ಅನುಭವದಲ್ಲಿ ಮುಖ್ಯವಾದದ್ದು ಈ ಸ್ವಂತ ಹಾಡೇ. ಸ್ಪರ್ಧೆಯಲ್ಲಿ ಹೆಸರು ಬರುವುದು ಬೇರೆಯವರ ಹಾಡಿನಿಂದ. ಮುಂದಿನ ಸೀಸನ್‌ಗೆ ಹೊಸ ಮುಖ ಬಂದಾಗ ಅದೇ ಹಾಡನ್ನು ಅವರೂ ಹಾಡುತ್ತಾರೆ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾಗಿ ಗಾಯಕರಿಗೂ ರಾಯಲ್ಟಿ ಹಕ್ಕು ಬಂತು ನಿಜ. ಆದರೆ ಅದು ಹಾಡನ್ನು ರೆಕಾರ್ಡ್ ಮಾಡಿದವರಿಗೆ. ವೇದಿಕೆಯಲ್ಲಿ ಅದನ್ನು ಮತ್ತೆ ಹಾಡುವ ನಮಗಲ್ಲ. ಸಿನಿಮಾ ಇಲ್ಲದೆ ಹಾಡು ಓಡುವುದಿಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಸಿ. ಅಶ್ವಥ್ ಅವರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನ ತುಂಬಿಸಿದ್ದು ಭಾವಗೀತೆಗಳಿಂದ. ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ಪದಗಳನ್ನು ಹಿಡಿದು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದವರೆಗೆ ಹೋದರು.

ನನ್ನ ಹಾಡನ್ನು ಮೊದಲ ಸಲ ಹಾಡಿದಾಗ ಜನ ಸುಮ್ನೆ ಕೇಳಿದರು, ಅಷ್ಟೇ. ನಾನು ಬಿಡಲಿಲ್ಲ. ಎರಡು ಜನಪ್ರಿಯ ಹಾಡುಗಳ ನಡುವೆ ಇಟ್ಟು ಪ್ರತಿ ಊರಲ್ಲೂ ಹಾಡಿದೆ. ಗಲ್ಫ್‌ನ ಒಂದು ಕನ್ನಡ ಸಂಘ ಕರೆದದ್ದು ಆ ಹಾಡು ಕೇಳಿಯೇ. ಅಲ್ಲಿಗೆ ಇಡೀ ತಂಡ ಕರೆದುಕೊಂಡು ಹೋಗಲು ದುಡ್ಡಿರಲಿಲ್ಲ. ನಾನು, ಕೀಬೋರ್ಡ್ ಅಣ್ಣ ಇಬ್ಬರೇ ಹೋದೆವು. ಉಳಿದ ವಾದ್ಯಗಳಿಗೆ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್. ಸಭಿಕರು ಮೊದಲು ಕೂಗಿ ಕೇಳಿದ್ದು ಅದೇ ಹಾಡನ್ನು.

ಈಗ ಎರಡನೇ ಹಾಡು ತಯಾರಾಗುತ್ತಿದೆ. ಗಣೇಶನ ಹಬ್ಬದೊಳಗೆ ರೆಕಾರ್ಡಿಂಗ್ ಮುಗಿಸಬೇಕು.