ವಿ-ಕ್ರಾಸ್‌ಗೆ ರಾಕ್ ಸ್ಲೈಡರ್: ವೆಲ್ಡಿಂಗ್ ಇಲ್ಲದೆ, ಬರೀ ಬೋಲ್ಟಿನಲ್ಲಿ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಪಿಕಪ್ಪಿಗೆ ದುಬಾರಿ ಏಟು ಬೀಳುವುದು ಬಂಪರಿಗಲ್ಲ, ಬಾಗಿಲ ಕೆಳಗಿನ ಸಿಲ್‌ಗೆ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3,095 ಮಿ.ಮೀ. ಅಂತರವಿದೆ. ಮುಂದಿನ ಚಕ್ರ ಕಲ್ಲು ಹತ್ತಿ ಇಳಿದ ಮೇಲೆ ಗಾಡಿಯ ಹೊಟ್ಟೆ ಅದೇ ಕಲ್ಲಿನ ಮೇಲೆ ಬರುತ್ತದೆ. ತಿರುವಿನಲ್ಲಾದರೆ ಹಿಂದಿನ ಚಕ್ರ ಒಳಮಗ್ಗುಲಿನ ಜಾಡು ಹಿಡಿಯುವುದರಿಂದ ಪಕ್ಕದ ಬಂಡೆಯೋ ಮರದ ಬೊಡ್ಡೆಯೋ ಹಿಂದಿನ ಬಾಗಿಲ ಅಡಿಗೆ ತಾಗುತ್ತದೆ. ಬಂಪರನ್ನು ಬಿಚ್ಚಿ ಬದಲಾಯಿಸಬಹುದು. ಸಿಲ್ ಹಾಗಲ್ಲ, ಅದು ಬಾಡಿಯದೇ ಭಾಗ. ನೆಗ್ಗಿದರೆ ಕತ್ತರಿಸಿ ಬೆಸೆಯಬೇಕು, ಬಾಗಿಲ ಸಂದು ಮತ್ತೆ ಮೊದಲಿನಂತೆ ಕೂರುವುದು ಕಷ್ಟ. ಅದನ್ನು ಕಾಯಲು ಸಿಲ್‌ನ ಉದ್ದಕ್ಕೂ ಹಾಕುವ ಗಟ್ಟಿ ಪೈಪಿನ ಚೌಕಟ್ಟೇ ರಾಕ್ ಸ್ಲೈಡರ್.

ಶೋರೂಮಿನಲ್ಲಿ ಹಾಕಿಕೊಡುವ ಸೈಡ್ ಸ್ಟೆಪ್ ಇದಕ್ಕೆ ಉತ್ತರವಲ್ಲ. ಅದರ ಬ್ರಾಕೆಟ್ಟು ಕಾಲಿಟ್ಟು ಹತ್ತುವವರ ಭಾರಕ್ಕೆ ಮಾಡಿದ ತೆಳು ತಗಡು. ಬಂಡೆಯ ಮೇಲೆ ಎರಡು ಟನ್ ಗಾಡಿ ಕೂತರೆ ಅದು ಮೇಲಕ್ಕೆ ಮಡಚಿ ತಾನೇ ಸಿಲ್ಲನ್ನು ನೆಗ್ಗಿಸುತ್ತದೆ. ಸ್ಲೈಡರ್ ಭಾರವನ್ನು ನೇರವಾಗಿ ಚಾಸಿಗೆ ದಾಟಿಸಬೇಕು, ಬಾಡಿಯನ್ನು ಮುಟ್ಟಲೇಬಾರದು. ಅಳತೆಗಳೆಲ್ಲ ಈ ಎರಡು ನಿಯಮಗಳಿಂದಲೇ ಹುಟ್ಟುತ್ತವೆ.

ನಾನು ಆರಿಸಿದ್ದು 40 ಎನ್‌ಬಿ (ನಾಮಿನಲ್ ಬೋರ್, ಪೈಪಿನ ಅಳತೆಯ ಹೆಸರು) ಪೈಪು. ಹೊರ ವ್ಯಾಸ 48.3 ಮಿ.ಮೀ., ಗೋಡೆ 4 ಮಿ.ಮೀ. ಪೈಪಿನ ಅಂಗಡಿಯಲ್ಲಿ ‘ಹೆವಿ’ ಅಥವಾ ‘ಸಿ ಕ್ಲಾಸ್’ ಎಂದು ಕೇಳಿದರೆ ಇದೇ ಸಿಗುತ್ತದೆ. ಮೀಡಿಯಂ ಪೈಪಿನ ಗೋಡೆ 3.2 ಮಿ.ಮೀ.; ಮೊನಚು ಕಲ್ಲು ಒಂದೇ ಕಡೆ ಒತ್ತಿದರೆ ಅದು ಕುಳಿ ಬೀಳುತ್ತದೆ. ಬದಿಗೊಂದು ಒಳ ಪೈಪು, ಒಂದು ಹೊರ ಪೈಪು, ಅವನ್ನು ಚಾಸಿಯ ಕಡೆಗೆ ಸೇರಿಸುವ ನಾಲ್ಕು ಕಾಲು, ಚಾಸಿಗೆ ಬೋಲ್ಟ್ ಮಾಡಲು ಕಾಲಿಗೊಂದು 6 ಮಿ.ಮೀ. ಪ್ಲೇಟು. ಮುಖ್ಯ ಪೈಪು 1.7 ಮೀಟರ್ ಎಂದುಕೊಂಡರೆ ಒಂದು ಬದಿಯ ತೂಕ ಸುಮಾರು 24 ಕೆ.ಜಿ. ಎರಡೂ ಬದಿ ಸೇರಿ 50 ಕೆ.ಜಿ. ಹತ್ತಿರ, ಇದನ್ನು ಗಾಡಿ ಹೊರುವ ಲೋಡಿನಿಂದ ಕಳೆಯಬೇಕು. ಪೈಪಿಗೆ ಕಾಲನ್ನೂ ಕಾಲಿಗೆ ಪ್ಲೇಟನ್ನೂ ವೆಲ್ಡ್ ಮಾಡುವ ಕೆಲಸವೆಲ್ಲ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ, ಗಾಡಿಯಿಂದ ದೂರ ಮುಗಿದಿರಬೇಕು. ಚಾಸಿಗೆ ಬೆಂಕಿ ತಾಗಿಸಲಿಲ್ಲ. ಬಿಸಿ ತಾಗಿದ ಜಾಗದಲ್ಲಿ ಉಕ್ಕಿನ ಗುಣ ಬದಲಾಗುತ್ತದೆ, ಒಳಗಿನ ಬಣ್ಣ ಸುಟ್ಟು ಕಣ್ಣಿಗೆ ಕಾಣದ ಕಡೆ ತುಕ್ಕು ಹಿಡಿಯುತ್ತದೆ, ಪಕ್ಕದಲ್ಲೇ ಡೀಸೆಲ್ ಪೈಪೂ ವೈರಿಂಗೂ ಇರುತ್ತವೆ.

ಪ್ಲೇಟಿನ ಆಕಾರದ ಮೇಲೆ ಎಷ್ಟು ಯೋಚಿಸಿದರೂ ಸಾಲದು. ಚಪ್ಪಟೆ ಪ್ಲೇಟನ್ನು ಚಾಸಿಯ ಪಕ್ಕಕ್ಕೆ ಮಾತ್ರ ಬೋಲ್ಟ್ ಮಾಡಿದರೆ ಕಲ್ಲಿನ ಒತ್ತು ಪೂರ್ತಿ ಬೋಲ್ಟುಗಳ ಮೇಲೆ ಬೀಳುತ್ತದೆ. ಹೊರ ಪೈಪು ಮೇಲಕ್ಕೆ ಒತ್ತಿಸಿಕೊಂಡಾಗ ಪ್ಲೇಟಿನ ಮೇಲಂಚು ಚಾಸಿಗೆ ಅದುಮುತ್ತದೆ, ಕೆಳಗಿನ ಬೋಲ್ಟು ಹೊರಕ್ಕೆ ಎಳೆಯಲ್ಪಡುತ್ತದೆ. ಕಾಲಿನ ಉದ್ದ 250 ಮಿ.ಮೀ., ಮೇಲಂಚಿನಿಂದ ಕೆಳಗಿನ ಬೋಲ್ಟಿಗೆ 120 ಮಿ.ಮೀ. ಇದ್ದರೆ, ಒಂದು ಕಾಲಿನ ತುದಿಗೆ ಬೀಳುವ 500 ಕೆ.ಜಿ. ಭಾರ ಕೆಳಗಿನ ಬೋಲ್ಟನ್ನು ಒಂದು ಟನ್ನಿಗಿಂತ ತುಸು ಹೆಚ್ಚೇ ಎಳೆಯುತ್ತದೆ. ಅದಕ್ಕೇ ಪ್ಲೇಟನ್ನು ‘ಎಲ್’ ಆಕಾರಕ್ಕೆ ಬಗ್ಗಿಸಿ, ಅದರ ತುಟಿ ಚಾಸಿಯ ಅಡಿಗೆ 50 ಮಿ.ಮೀ.ನಷ್ಟು ಹೋಗುವಂತೆ ಮಾಡಬೇಕು. ಆಗ ಮೇಲ್ಮುಖದ ಒತ್ತನ್ನು ತುಟಿಯೇ ನೇರ ಚಾಸಿಯ ತಳಕ್ಕೆ ಕೊಡುತ್ತದೆ. ಪ್ಲೇಟು ತಿರುಗದಂತೆ ಹಿಡಿಯುವುದಷ್ಟೇ ಬೋಲ್ಟುಗಳ ಪಾಲಿಗೆ ಉಳಿಯುತ್ತದೆ. ಕಾಲು ಉದ್ದವಾದಷ್ಟೂ ಎಳೆತ ಹೆಚ್ಚು. ಹಾಗಾಗಿ ಹತ್ತಿ ಇಳಿಯುವ ಅನುಕೂಲಕ್ಕೆಂದು ಸ್ಲೈಡರನ್ನು ಹೊರಗೆ ಚಾಚಬಾರದು. ವೀಲ್ ಆರ್ಚಿನ ಹೊರ ಅಂಚಿಗಿಂತ ಒಳಗೇ ಇರಲಿ.

ಜೋಡಿಸುವ ಮುನ್ನ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಾಸಿಯನ್ನು ತೊಳೆದು, ಉದ್ದಕ್ಕೂ ಕೈಯಾಡಿಸಿ ನೋಡಿ. ಬ್ರೇಕ್ ಪೈಪು, ಡೀಸೆಲ್ ಪೈಪು, ಎಬಿಎಸ್ ವೈರು ಚಾಸಿಯ ಯಾವ ಮುಖಕ್ಕೆ ಕ್ಲಿಪ್ ಆಗಿವೆ, ಟ್ಯಾಂಕು ಯಾವ ಬದಿಗೆ, ಸೈಲೆನ್ಸರ್ ಪೈಪು ಎಲ್ಲಿ ಹಾದಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಬದಿಗಳೂ ಒಂದೇ ತರಹ ಇರುವುದಿಲ್ಲ, ಒಂದು ಬದಿಯ ಅಳತೆಯನ್ನು ಕನ್ನಡಿಯಂತೆ ತಿರುಗಿಸಿ ಇನ್ನೊಂದಕ್ಕೆ ಬಳಸಲಾಗದು. ಬಿಸಿ ಪೈಪಿನಿಂದ ಪ್ಲೇಟಿಗೆ ಕನಿಷ್ಠ 25 ಮಿ.ಮೀ. ಬಿಡಿ. ಬ್ರೇಕ್ ಪೈಪು ಪ್ಲೇಟಿನ ಹಿಂದೆ ಸಿಕ್ಕಿಬೀಳುವಂತಿದ್ದರೆ ಜರುಗಿಸಬೇಕಾದ್ದು ಪ್ಲೇಟನ್ನು, ಪೈಪನ್ನಲ್ಲ.

ಚಾಸಿಗೆ ಹೊಸ ತೂತು ಕೊರೆಯುವುದನ್ನು ಆದಷ್ಟು ತಪ್ಪಿಸಿ. ಮೇಲಿನ ಮತ್ತು ಕೆಳಗಿನ ಮುಖಗಳಿಗಂತೂ ಬೇಡವೇ ಬೇಡ. ಚಾಸಿ ಬಾಗುವಾಗ ಹೆಚ್ಚು ಎಳೆತ ಬೀಳುವುದು ಅಲ್ಲೇ, ಬಿರುಕು ಶುರುವಾಗುವುದೂ ಅಲ್ಲೇ. ಕಾರ್ಖಾನೆಯವರೇ ಬಿಟ್ಟ ತೂತುಗಳು ಪಕ್ಕದ ಮುಖದಲ್ಲಿರುತ್ತವೆ. ಚಾಸಿ ಪೆಟ್ಟಿಗೆಯಂತೆ ಮುಚ್ಚಿರುವ ಕಡೆ ಒಳಗೆ ಸ್ಪ್ಯಾನರ್ ಹೋಗದು. ಅಂಥ ಕಡೆ 6 ಮಿ.ಮೀ. ಪಟ್ಟಿಯ ತುಂಡಿಗೆ ನಟ್ಟು ವೆಲ್ಡ್ ಮಾಡಿಸಿ, ಅದಕ್ಕೊಂದು ಗಟ್ಟಿ ತಂತಿಯ ಬಾಲ ಕಟ್ಟಿ, ಹತ್ತಿರದ ದೊಡ್ಡ ತೂತಿನಿಂದ ಒಳಗೆ ತಳ್ಳಿ, ಬೋಲ್ಟು ಹಿಡಿಯುವವರೆಗೆ ತಂತಿಯಲ್ಲಿ ಎತ್ತಿಹಿಡಿದರಾಯಿತು. ರಿವೆಟ್ ನಟ್ಟು (ಹೊರಗಿನಿಂದಲೇ ತೂತಿಗೆ ಅದುಮಿ ಕೂರಿಸುವ ನಟ್ಟು) ಸುಲಭವೆನಿಸಿದರೂ ನಾನು ಒಪ್ಪುವುದಿಲ್ಲ. ಜಾಕಿಯ ಭಾರ ಬಿದ್ದಾಗ ಅದು ತೂತಿನಲ್ಲೇ ತಿರುಗುತ್ತದೆ, ಆಮೇಲೆ ಬಿಗಿಯಲೂ ಆಗದು, ಬಿಚ್ಚಲೂ ಆಗದು. ಪೆಟ್ಟಿಗೆಯ ಈ ಬದಿಯಿಂದ ಆ ಬದಿಗೆ ಬೋಲ್ಟು ದಾಟಿಸುವುದಾದರೆ ಒಳಗೆ ಸ್ಲೀವ್ (ಬೋಲ್ಟಿನ ಸುತ್ತ ಕೂರುವ ಕೊಳವೆ ತುಂಡು) ಇರಲೇಬೇಕು. ಇಲ್ಲವಾದರೆ ಬಿಗಿದಷ್ಟೂ ಪೆಟ್ಟಿಗೆ ಒಳಕ್ಕೆ ಕುಗ್ಗುತ್ತದೆ, ಬಿಗಿ ನಿಲ್ಲುವುದಿಲ್ಲ. ಯು-ಬೋಲ್ಟಿಗೂ ಇದೇ ತೊಂದರೆ. ಬಾಡಿಯನ್ನು ಚಾಸಿಗೆ ಹಿಡಿದಿರುವ ರಬ್ಬರ್ ಮೌಂಟಿನ ಬೋಲ್ಟುಗಳಿಗೆ ಎಂದಿಗೂ ಸ್ಲೈಡರ್ ಕಟ್ಟಬೇಡಿ.

ಬೋಲ್ಟು 8.8 ಗ್ರೇಡಿನದು (ಇದು ಬೋಲ್ಟಿನ ಬಲದ ದರ್ಜೆ) ಸಾಕು. ಮರೆ (ಥ್ರೆಡ್) ಒಣಗಿದ್ದರೆ ಬಿಗಿಯುವ ಬಲ, ಅಂದರೆ ಟಾರ್ಕ್, ಎಂ12ಕ್ಕೆ (12 ಮಿ.ಮೀ. ಬೋಲ್ಟಿಗೆ) 80 ನ್ಯೂಟನ್ ಮೀಟರ್, ಎಂ10ಕ್ಕೆ 45. ಎಂ12ನ್ನು ಅಷ್ಟು ಬಿಗಿದರೆ ಒಂದೊಂದು ಬೋಲ್ಟೂ ಪ್ಲೇಟನ್ನು ಚಾಸಿಗೆ ಸುಮಾರು 3 ಟನ್ನಿನಷ್ಟು ಅದುಮುತ್ತದೆ. ಪ್ಲೇಟು ಜಾರದಂತೆ ತಡೆಯುವುದು ಈ ಅದುಮೇ. ಮರೆಗೆ ಗ್ರೀಸ್ ಹಚ್ಚಿದ್ದರೆ ಟಾರ್ಕನ್ನು ಕಾಲುಭಾಗ ಇಳಿಸಿ, ಇಲ್ಲದಿದ್ದರೆ ಬೋಲ್ಟು ಹಿಗ್ಗುತ್ತದೆ. ಸ್ಪ್ರಿಂಗ್ ವಾಷರ್ ಇಲ್ಲಿ ಪ್ರಯೋಜನಕ್ಕಿಲ್ಲ. ಗಟ್ಟಿ ಚಪ್ಪಟೆ ವಾಷರ್, ನಟ್ಟು ಕೈಗೆ ಸಿಗುವ ಕಡೆ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ನಟ್ಟು), ಒಳಗಿನ ನಟ್ಟು ಪಟ್ಟಿಗೆ ನೀಲಿ ಥ್ರೆಡ್‌ಲಾಕರ್ (ಮರೆ ಸಡಿಲವಾಗದಂತೆ ಹಿಡಿಯುವ ಅಂಟು) ಬಳಸಿ.

ಕೆಲವೇ ವಾರಗಳಲ್ಲಿ ಸ್ಲೈಡರ್ ಸಡಿಲವಾಗುವುದಕ್ಕೆ ಬಹಳ ಸಲ ಪೌಡರ್ ಕೋಟಿಂಗ್ ಕಾರಣ. ಅದರ ಪದರ ದಪ್ಪ, ಬೋಲ್ಟಿನ ಒತ್ತಿಗೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಪದರ ಇಳಿದಷ್ಟೂ ಬೋಲ್ಟಿನ ಬಿಗಿ ಹೋಗುತ್ತದೆ. ಕೋಟಿಂಗಿಗೆ ಕೊಡುವಾಗಲೇ ಪ್ಲೇಟಿನ ಒಳಮುಖಕ್ಕೂ ವಾಷರ್ ಕೂರುವ ಜಾಗಕ್ಕೂ ಟೇಪು ಹಾಕಿಸಿ, ಅಲ್ಲಿ ತೆಳುವಾಗಿ ಝಿಂಕ್ ಪ್ರೈಮರ್ ಮಾತ್ರ ಬಳಿಯಿರಿ.

ಜೋಡಿಸುವಾಗ ಎರಡು ಜನ ಬೇಕು. ಟ್ರಾಲಿ ಜಾಕಿಯ ಮೇಲೆ ಹಲಗೆಯಿಟ್ಟು ಸ್ಲೈಡರನ್ನು ಎತ್ತಿ, ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಹಿಡಿಸಿ. ಒಂದನ್ನು ಮೊದಲೇ ಪೂರ್ತಿ ಬಿಗಿದರೆ ಉಳಿದ ತೂತುಗಳು ಹೊಂದುವುದಿಲ್ಲ. ಜಾಕಿಯಿಂದ ತುಸು ಒತ್ತಿ ತುಟಿಗಳು ಚಾಸಿಯ ತಳಕ್ಕೆ ಕೂತ ಮೇಲೆ ನಡುವಿನ ಕಾಲುಗಳಿಂದ ಶುರುಮಾಡಿ ತುದಿಗಳ ಕಡೆಗೆ ಬಿಗಿಯಿರಿ: ಮೊದಲ ಸುತ್ತು ಅರ್ಧ ಟಾರ್ಕ್, ಎರಡನೆಯದು ಪೂರ್ತಿ. ಯಾವುದೋ ಒಂದು ಪ್ಲೇಟು ಚಾಸಿಯಿಂದ ದೂರ ನಿಂತರೆ ಬೋಲ್ಟಿನಿಂದ ಎಳೆದು ಕೂರಿಸಬೇಡಿ, ಆ ಸಂದಿಗೆ ಉಕ್ಕಿನ ಶಿಮ್ (ತೆಳು ತಗಡಿನ ತುಂಡು) ಹಾಕಿ. ಎಳೆದು ಕೂರಿಸಿದ ಪ್ಲೇಟಿನ ವೆಲ್ಡಿನ ಬುಡ ಮುಂದೆ ಬಿರಿಯುತ್ತದೆ.

ಈಗ ಸಂದು ನೋಡಿ. ಸಿಲ್‌ನ ಕೆಳಗಿನ ಮಡಿಕೆಯಿಂದ ಪೈಪಿಗೆ 20ರಿಂದ 25 ಮಿ.ಮೀ. ಇರಬೇಕು, ಏಕೆಂದರೆ ಬಾಡಿ ರಬ್ಬರಿನ ಮೇಲೆ ಕೂತಿದೆ, ಗಾಡಿ ತಿರುಚಿದಾಗ ಚಾಸಿಗಿಂತ ಬೇರೆಯಾಗಿ ಅಲುಗುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಟೈರು ಸ್ಲೈಡರಿನ ತುದಿಗೆ ತಾಗುತ್ತದೆಯೇ ನೋಡಿ. ದೊಡ್ಡ ಟೈರು ಹಾಕಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಕೊನೆಯ ಪರೀಕ್ಷೆ ಜಾಕಿಯದು. ಎದುರು ಬದಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಕಾಲು ಹೊರ ಪೈಪಿಗೆ ಸೇರುವ ಕಡೆ ಜಾಕಿ ಇಟ್ಟು, ಟೈರು ನೆಲ ಬಿಡುವಷ್ಟು ಮಾತ್ರ ಎತ್ತಿ. ದುಂಡು ಪೈಪು ಜಾಕಿಯ ತಲೆಯಿಂದ ಜಾರುತ್ತದೆ, ಹಾಗಾಗಿ ‘ವಿ’ ಕಚ್ಚು ಕೊರೆದ ಮರದ ತುಂಡು ನಡುವೆ ಇರಲಿ. ಯಾರೂ ಗಾಡಿಯ ಅಡಿಗೆ ಹೋಗಬಾರದು. ಎತ್ತುವ ಮುಂಚೆ ಮತ್ತು ಎತ್ತಿದ ಮೇಲೆ ಸಿಲ್‌ನ ಸಂದು ಅಳೆಯಿರಿ. ಕೆಲವು ಮಿ.ಮೀ. ಕಡಿಮೆಯಾಗಿ, ಇಳಿಸಿದಾಗ ಮೊದಲಿನಷ್ಟೇ ಆದರೆ ಸರಿ. ಮೊದಲಿನಷ್ಟಕ್ಕೆ ಬರದಿದ್ದರೆ ಪ್ಲೇಟು ಜಾರಿದೆ ಅಥವಾ ಕಾಲು ಬಾಗಿದೆ. ಬಿಚ್ಚಿ ನೋಡದೆ ಓಡಿಸಬೇಡಿ.

ಕಾನೂನಿನ ಮಾತು. ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ 2017ರ ಡಿಸೆಂಬರಿನಲ್ಲಿ ಬರೆದಾಗ ಆಧಾರವಾಗಿ ಹೇಳಿದ್ದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ ಕಲಂ ಅದು. ಪೈಪು ಗಾಡಿಯ ಅಗಲ ಮೀರದಿರುವುದು, ಚೂಪು ತುದಿ ಇಲ್ಲದಿರುವುದು ಮುಖ್ಯ. ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ.

ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ, ಸಾವಿರಕ್ಕೆ ಒಮ್ಮೆ ಎಲ್ಲ ಬೋಲ್ಟುಗಳಿಗೂ ಟಾರ್ಕ್ ರೆಂಚ್ ಹಿಡಿಯಿರಿ. ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಪ್ಲೇಟಿಗೆ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದಿದ್ದರೆ, ತಿರುಗಿದ ಬೋಲ್ಟು ಬಗ್ಗಿ ನೋಡಿದೊಡನೆ ಸಿಗುತ್ತದೆ. ಪೈಪಿನ ತುದಿಗಳನ್ನು ಮುಚ್ಚಿಸಿದ್ದರೂ ತಳದಲ್ಲಿ 6 ಮಿ.ಮೀ. ತೂತು ಬಿಟ್ಟಿರಬೇಕು, ಒಳಗೆ ಸೇರಿದ ನೀರು ಇಳಿಯಲು. ಮಲೆನಾಡಿನ ಮಳೆಗಾಲದಲ್ಲಿ ಪ್ಲೇಟಿನ ತುಟಿಗೂ ಚಾಸಿಗೂ ನಡುವೆ ಕೆಸರು ಗಟ್ಟಿಯಾಗಿ ಕೂರುತ್ತದೆ. ಅಲ್ಲಿಗೆ ನೀರಿನ ಪೈಪು ಹಿಡಿದು ತೊಳೆಯಿರಿ, ಮಳೆ ಮುಗಿದ ಮೇಲೆ ಒಂದು ಪ್ಲೇಟನ್ನಾದರೂ ಬಿಚ್ಚಿ ಒಳಮುಖ ನೋಡಿ. ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿ.